ಬಿಡಿಸುವುದೂ ಬಿಡುವುದೂ

ಕನ್ನಡದಲ್ಲಿ ‘ಬಿಡು’ ಎಂಬ ಮಾತಿನಷ್ಟು ದುಡಿಯುವ ಮಾತು ಇನ್ನೊಂದಿದೆಯೋ ಇಲ್ಲವೋ ತಿಳಿಯದು. ಕಾಲುವೆಗೆ ನೀರು ಬಿಡುತ್ತೇವೆ, ಊರು ಬಿಡುತ್ತೇವೆ, ಆಸೆ ಬಿಡುತ್ತೇವೆ, ಉಸಿರನ್ನಂತೂ ದಿನಕ್ಕೆ ಎಷ್ಟು ಸಾವಿರ ಸಲ ಬಿಡುತ್ತೇವೋ ಲೆಕ್ಕವಿಲ್ಲ. ಹಾಗೆಯೇ ಗಂಟು ಬಿಡಿಸುತ್ತೇವೆ, ಒತ್ತೆಯಿಟ್ಟ ಒಡವೆ ಬಿಡಿಸುತ್ತೇವೆ, ಕೂಸಿಗೆ ಎದೆಹಾಲು ಬಿಡಿಸುತ್ತೇವೆ. ಬಿಡಿಸುವವನನ್ನು ಉಪಕಾರಿಯೆಂದು ಹೊಗಳುವ ನಾವು ಕೈಬಿಟ್ಟವನನ್ನು ದ್ರೋಹಿಯೆಂದು ಬೈಯುತ್ತೇವೆ. ಇವೆರಡರ ನಡುವಣ ಗೆರೆ ಎಲ್ಲಿದೆಯೆಂದು ವ್ಯಾಕರಣವನ್ನು ಕೇಳಿದರೆ ಅದು ಒಂದು ಪ್ರತ್ಯಯವನ್ನು ತೋರಿಸಿ ಸುಮ್ಮನಾಗುತ್ತದೆ. ನನಗೆ ಆ ಗೆರೆಯನ್ನು ಆಸ್ಪತ್ರೆಯ ಒಂದು ಮಂಚದ ಪಕ್ಕದಲ್ಲಿ ನಿಂತು ಹುಡುಕಬೇಕಾಗಿ ಬಂತು.

ನನ್ನ ಸೋದರಮಾವ ಹುಣಸಗಿಯವರು. ಹುಣಸಗಿ ಈಗ ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕಿನ ಕೇಂದ್ರ. ಮೊದಲು ಸುರಪುರ ತಾಲ್ಲೂಕಿಗೆ ಸೇರಿದ್ದ ಊರು. ನಾರಾಯಣಪುರದ ಅಣೆಕಟ್ಟಿನ ಎಡದಂಡೆ ಕಾಲುವೆ ಬಂದ ಮೇಲೆ ಜೋಳದ ಸೀಮೆಯಲ್ಲಿ ಭತ್ತ ಕಂಡವರ ಪೈಕಿ ಮಾವನೂ ಒಬ್ಬರು. ಅರವತ್ತು ದಾಟಿದ್ದರೂ ಗಟ್ಟಿ ಆಳು. ಒಂದು ದಿನ ಬೆಳಿಗ್ಗೆ ಏಳುವಾಗ ಕಾಲುಗಳು ಜೋಮು ಹಿಡಿದಂತಿದ್ದವು, ಸಂಜೆಗೆ ನಿಲ್ಲಲಾಗಲಿಲ್ಲ, ಮರುದಿನ ಕೈ ಸೋತವು, ಮೂರನೆಯ ದಿನ ಉಸಿರು ಮೇಲೆ ಮೇಲೆ ಬರತೊಡಗಿತು. ವೈದ್ಯರು ಅದನ್ನು ಗಿಲ್ಲೆನ್ ಬಾರೆ ರೋಗವೆಂದರು. 1916ರಲ್ಲಿ ಫ್ರಾನ್ಸಿನ ವೈದ್ಯರು ವರ್ಣಿಸಿದ ರೋಗ. 2025ರ ಆರಂಭದಲ್ಲಿ ಪುಣೆಯಲ್ಲಿ ಹಲವರಿಗೆ ಒಮ್ಮೆಗೇ ಬಂದಾಗ ಪತ್ರಿಕೆಗಳಲ್ಲಿ ಅದರ ಹೆಸರು ಕೇಳಿತ್ತು. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿತಪ್ಪಿ ನರಗಳ ಮೇಲೆ ಬೀಳುತ್ತದೆ. ಹೆಚ್ಚಿನವರು ಮೆಲ್ಲಗೆ ಗುಣವಾಗುತ್ತಾರೆ. ಆದರೆ ನಾಲ್ವರಲ್ಲಿ ಒಬ್ಬರಿಗೆಂಬಂತೆ ಉಸಿರಾಟದ ಸ್ನಾಯುಗಳೂ ಸೋತು, ಚೇತರಿಸಿಕೊಳ್ಳುವವರೆಗೆ ಯಂತ್ರ ಉಸಿರಾಡಿಸಬೇಕಾಗುತ್ತದೆ. ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ. ಮಲಗಿದವನಿಗೆ ಎಲ್ಲವೂ ಕೇಳುತ್ತದೆ, ಎಲ್ಲವೂ ತಿಳಿಯುತ್ತದೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು, ನಾವು ಇಡಲಿಲ್ಲ.

ನಾವು ಹೋದದ್ದು ಕಲಬುರಗಿಗೆ, ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಸುರಪುರದಲ್ಲಿ ಬಾಯಿಯೊಳಗಿಂದ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಅದರ ತುದಿಗೆ ರಬ್ಬರಿನ ಚೀಲವೊಂದನ್ನು ಸಿಕ್ಕಿಸಿದರು. ಆಂಬುಲೆನ್ಸಿನ ಹುಡುಗ ಅದನ್ನು ಒತ್ತುತ್ತ ಕುಳಿತ. ಶಹಾಪುರ ದಾಟುವಷ್ಟರಲ್ಲಿ ಅವನ ಕೈ ಸೋತು, ಚೀಲವನ್ನು ನನ್ನ ಕೈಗಿತ್ತ. “ನೀವು ಎಷ್ಟಕ್ಕೊಮ್ಮೆ ಉಸುರು ತಗೋತೀರೋ ಅಷ್ಟಕ್ಕೊಮ್ಮೆ ಒತ್ರಿ” ಎಂದ. ಜೇವರ್ಗಿಯ ಆಚೆ ಭೀಮಾ ನದಿಯ ಸೇತುವೆಯವರೆಗೆ ನಾನು ಒತ್ತಿದೆ. ಗಾಬರಿಯಲ್ಲಿ ನನ್ನ ಉಸಿರೇ ಲಯ ತಪ್ಪಿದಾಗ ಮಾವನ ಉಸಿರೂ ತಪ್ಪುತ್ತಿತ್ತು; ನಾನು ಸಮಾಧಾನಕ್ಕೆ ಬಂದರೆ ಅವರ ಎದೆಯೂ ಸಮಾಧಾನದಲ್ಲಿ ಏರಿ ಇಳಿಯುತ್ತಿತ್ತು.

ಆ ಚೀಲಕ್ಕೆ ಒಂದು ಕಥೆಯಿದೆ. ಅದನ್ನು ನಾನು ಆಮೇಲೆ ಓದಿ ತಿಳಿದದ್ದು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಪೋಲಿಯೋ ಮಾರಿ ಬಂತು. ಅಲ್ಲಿನ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ರೋಗಿಗಳು ನೂರಾರು, ಉಸಿರಾಡಿಸುವ ಯಂತ್ರಗಳು ಬೆರಳೆಣಿಕೆ. ಉಸಿರಾಟ ನಿಲ್ಲುವ ಸ್ಥಿತಿಗೆ ಬಂದ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಬಿಯಾರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ ಆಗಸ್ಟ್ 27ರಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಕತ್ತಿನಲ್ಲಿ ರಂಧ್ರ ಮಾಡಿಸಿ, ಕೊಳವೆಯಿಟ್ಟು, ಚೀಲ ಒತ್ತಿ ಅವಳ ಎದೆಗೆ ಗಾಳಿ ತುಂಬಿದ. ಹುಡುಗಿ ಉಳಿದಳು. ಅಲ್ಲಿಂದ ಮುಂದೆ ಸುಮಾರು 1500 ಮಂದಿ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು, ಹಗಲೂ ರಾತ್ರಿಯೂ, ತಿಂಗಳುಗಟ್ಟಲೆ, ಒಬ್ಬೊಬ್ಬ ರೋಗಿಯ ತಲೆಯ ಬಳಿ ಕುಳಿತು ಚೀಲ ಒತ್ತಿದರು. ಇಂದು ಊರೂರಿನ ಆಸ್ಪತ್ರೆಗಳಲ್ಲಿರುವ ತೀವ್ರ ನಿಗಾ ಘಟಕದ ಮೂಲ ಅದು. ಅಂದರೆ ಮೊದಲ ವೆಂಟಿಲೇಟರು ಒಬ್ಬ ಮನುಷ್ಯನ ಕೈ. ಆ ಕೈಗೆ ಒಂದು ಗುಣವಿತ್ತು: ರೋಗಿ ತಾನಾಗಿ ಉಸಿರೆಳೆಯಲು ಮೊದಲ ಸಲ ಕಿಂಚಿತ್ತು ಪ್ರಯತ್ನಪಟ್ಟರೆ ಚೀಲ ಹಿಡಿದವನ ಅಂಗೈಗೆ ಅದು ತಾಕುತ್ತಿತ್ತು.

ಈಗ ಕೈಯ ಜಾಗದಲ್ಲಿ ಯಂತ್ರವಿದೆ. ಅದಕ್ಕೆ ಸುಸ್ತಿಲ್ಲ, ನಿದ್ದೆಯಿಲ್ಲ. ಅದು ದೊಡ್ಡ ಉಪಕಾರವೇ. 2020-21ರ ಕೊರೋನಾ ಕಾಲದಲ್ಲಿ ಹಳ್ಳಿಯ ಕಟ್ಟೆಯ ಮೇಲೂ ‘ವೆಂಟಿಲೇಟರ್’ ಎಂಬ ಮಾತು ಕೇಳಿಬಂತು. ಜನ ಅದನ್ನು ಅಂಜುತ್ತ ನುಡಿದರು. ಹುಣಸಗಿಯ ಕಣಿವೆಯಲ್ಲಿ ಇಸಾಂಪುರವೆಂಬ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಅಲ್ಲಿ ಅಗೆದು, ಸುಮಾರು ಹನ್ನೆರಡು ಲಕ್ಷ ವರ್ಷಗಳ ಹಿಂದಿನ ಮಾನವರು ಕಲ್ಲಿನ ಕೈಗೊಡಲಿಗಳನ್ನು ಮಾಡುತ್ತಿದ್ದ ತಾಣವನ್ನು ಬೆಳಕಿಗೆ ತಂದರು. ನಮ್ಮ ನೆಲದಲ್ಲಿ ಉಪಕರಣಗಳ ಸಹವಾಸ ಅಷ್ಟು ಹಳೆಯದು. ಆದರೆ ಆ ಕೊಡಲಿಯನ್ನು ಕೆಲಸ ಮುಗಿದ ಮೇಲೆ ಕೆಳಗಿಡಬಹುದಾಗಿತ್ತು. ಈ ಯಂತ್ರವನ್ನು ಕೆಳಗಿಡುವ ಬಗೆ ಹೇಗೆ?

ಅದು ಸುಲಭವಲ್ಲ. ಯಾಕೆಂದರೆ ಯಂತ್ರ ಉಪಕಾರ ಮಾಡುತ್ತಲೇ ಬಲವನ್ನು ಕಸಿದುಕೊಳ್ಳುತ್ತದೆ. ಎದೆಗೂ ಹೊಟ್ಟೆಗೂ ನಡುವೆ ವಪೆಯೆಂಬ ಸ್ನಾಯುವಿನ ಪರದೆಯಿದೆ. ನಾವು ಉಸಿರೆಳೆಯುವುದು ಮುಖ್ಯವಾಗಿ ಅದರ ಬಲದಿಂದ. ಕೇವಲ 18ರಿಂದ 69 ಗಂಟೆಗಳ ಕಾಲ ಪೂರ್ಣವಾಗಿ ಯಂತ್ರದ ವಶದಲ್ಲಿದ್ದರೂ ಅದರ ಎಳೆಗಳು ಸವೆದು ಸಣ್ಣಗಾಗುತ್ತವೆಂದು ಅಮೆರಿಕದ ವೈದ್ಯರು 2008ರಲ್ಲಿ ತೋರಿಸಿಕೊಟ್ಟರು. ಮಾವ ಯಂತ್ರದ ಮೇಲಿದ್ದದ್ದು ವಾರಗಳ ಲೆಕ್ಕದಲ್ಲಿ. ಹತ್ತು ಹನ್ನೆರಡು ದಿನವಾದ ಮೇಲೆ ಬಾಯಿಯ ಕೊಳವೆ ತೆಗೆದು, ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡಿ ಅಲ್ಲಿಂದ ಕೊಳವೆ ಇಟ್ಟರು. ಇದಕ್ಕೆ ಟ್ರೇಕಿಯಾಸ್ಟಮಿ ಎನ್ನುತ್ತಾರೆ. ಬಾಯಿ ಬಿಡುವಾಯಿತು, ಆದರೆ ಧ್ವನಿ ಬರಲಿಲ್ಲ. ಗಾಳಿ ಗಂಟಲಿನ ಧ್ವನಿತಂತುಗಳವರೆಗೆ ಏರದೆ ಕೆಳಗೇ ಹೋಗಿ ಬರುತ್ತಿತ್ತು. ಕಫ ಕಟ್ಟಿದಾಗಲೆಲ್ಲ ದಾದಿ ಬಂದು ಸಣ್ಣ ನಳಿಕೆ ತೂರಿಸಿ ಹೀರಿ ತೆಗೆಯುವಳು. ಮಾವನ ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬರುವುದು. ಕೆಮ್ಮು ಬರುವುದು, ಸದ್ದು ಬಾರದು.

ಇನ್ನು ಯಂತ್ರದಿಂದ ಬಿಡಿಸಬೇಕು. ವೈದ್ಯರು ಇದಕ್ಕೆ ವೀನಿಂಗ್ ಎನ್ನುತ್ತಾರೆ. ಕೂಸಿಗೆ ಮೊಲೆ ಬಿಡಿಸುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಮಾತು. ನಾನು ಅದನ್ನು ಅತ್ತೆಗೆ ಬಿಡಿಸಿ ಹೇಳಿದಾಗ ಅವರು ಅಷ್ಟು ದಿನಗಳಲ್ಲಿ ಮೊದಲ ಸಲ ಸ್ವಲ್ಪ ನಕ್ಕರು. “ಬೇವಿನ ರಸ ಹಚ್ಕೊಂಡು ಮೊಲಿ ಬಿಡಸ್ದಂಗ ಅನ್ನು. ಎಂಟು ದಿವಸ ಅಳ್ತಾವು ನೋಡು ಕೂಸು. ಆದ್ರ ತಮ್ಮಾ, ಬೇವು ಹಚ್ಕೊಂಡಾಕಿನ ಅದನ್ನ ಮಗ್ಗಲಾಗ ಹಾಕ್ಕೊಂಡು ಮಲಗಬೇಕು. ಬ್ಯಾರೆಯವರ ಕೈಯಾಗ ಕೊಟ್ರ ಕೂಸು ಜಡ್ಡು ಬೀಳ್ತದ” ಎಂದರು. ನಾನು ಆಗ ಈ ಮಾತನ್ನು ಅರ್ಧ ಕಿವಿಯಿಂದ ಕೇಳಿದೆ.

ಕ್ರಮ ಹೀಗಿತ್ತು: ಮೊದಲು ಯಂತ್ರ ತಾನಾಗಿ ಕೊಡುವ ಉಸಿರುಗಳನ್ನು ತಗ್ಗಿಸಿ, ರೋಗಿ ಎಳೆದ ಉಸಿರಿಗೆ ಕೇವಲ ಆಸರೆ ಕೊಡುವಂತೆ ತಿರುಗಿಸುವುದು, ಆ ಆಸರೆಯನ್ನೂ ದಿನದಿನಕ್ಕೆ ಇಳಿಸುವುದು, ಆಮೇಲೆ ಕೊಳವೆಯನ್ನು ಯಂತ್ರದಿಂದ ಕಳಚಿ, ಆಮ್ಲಜನಕ ಮಾತ್ರ ಹಾಯಿಸಿ, ಐದು ನಿಮಿಷ, ಹತ್ತು ನಿಮಿಷ, ಹೀಗೆ ಬಿಟ್ಟು ನೋಡುವುದು, ರಾತ್ರಿಯೆಲ್ಲ ಮತ್ತೆ ಯಂತ್ರಕ್ಕೆ ಜೋಡಿಸಿ ವಿಶ್ರಾಂತಿ ಕೊಡುವುದು. ಒಂದು ಭಾನುವಾರ ಅರ್ಧ ಗಂಟೆ ಬಿಡಬೇಕೆಂದು ಗೊತ್ತಾಗಿತ್ತು. ಇಪ್ಪತ್ತು ನಿಮಿಷ ಕಳೆಯುವಾಗ ಮಾವನ ಹಣೆಯ ಮೇಲೆ ಬೆವರು ಮೂಡಿತು. ಕತ್ತಿನ ಸ್ನಾಯುಗಳು ಹಗ್ಗದಂತೆ ಎದ್ದವು. ಕಣ್ಣು ನಮ್ಮಿಬ್ಬರ ಮುಖಗಳ ನಡುವೆ ಓಡಾಡತೊಡಗಿತು. “ಹಚ್ಚರಿ ಯಪ್ಪಾ, ಮಷೀನ್ ಹಚ್ಚರಿ” ಎಂದು ಅತ್ತೆ ಕೈಮುಗಿದರು. ವೈದ್ಯರು ತೆರೆಯ ಮೇಲಿನ ಅಂಕಿಗಳನ್ನು ನೋಡಿ, “ಆಮ್ಲಜನಕ ಸರಿಯಾಗಿಯೇ ಇದೆ. ಇನ್ನೊಂದು ಹತ್ತು ನಿಮಿಷ ನೋಡಬಹುದು. ನೀವೇನಂತೀರಿ?” ಎಂದು ನನ್ನ ಕಡೆ ತಿರುಗಿದರು. ಮನೆಯವರಲ್ಲಿ ಓದು ಬಲ್ಲವನೆಂದು ನನ್ನನ್ನು ಕೇಳಿದರೇ ಹೊರತು ನನಗೆ ಬೇರೆ ಯೋಗ್ಯತೆಯಿರಲಿಲ್ಲ. “ನೋಡೋಣ” ಎಂದೆ.

ಆ ಹತ್ತು ನಿಮಿಷ ಕಳೆಯಿತು. ಆದರೆ ನನ್ನ ಮಟ್ಟಿಗೆ ಅದು ಇನ್ನೂ ಕಳೆದಿಲ್ಲ. ಆ ರಾತ್ರಿಯ ರೈಲಿಗೆ ನಾನು ಬೆಂಗಳೂರಿಗೆ ಹೊರಡಬೇಕಾಗಿತ್ತು, ರಜೆ ಮುಗಿದಿತ್ತು. ಮಾವ ಅರ್ಧ ಗಂಟೆ ತಾಳಿದರೆ ಹಗುರ ಮನಸ್ಸಿನಿಂದ ಹೋಗಬಹುದೆಂಬ ಎಣಿಕೆ ಆ ‘ನೋಡೋಣ’ದಲ್ಲಿ ಸೇರಿತ್ತೇ? ಸೇರಿತ್ತೆಂದೇ ತೋರುತ್ತದೆ. ಮಾವನಿಗೆ ಬಲ ಬರಲಿ ಎಂಬ ಆಸೆಯೂ ಸುಳ್ಳಲ್ಲ. ಎರಡೂ ಒಂದೇ ಮಾತಿನಲ್ಲಿ, ಹಾಲಿನಲ್ಲಿ ನೀರಿನಂತೆ ಬೆರೆತಿದ್ದವು. ಕರ್ಮದ ಒಳ್ಳೆಯದು ಕೆಟ್ಟದ್ದು ಸಂಕಲ್ಪವನ್ನು ಅನುಸರಿಸುತ್ತದೆಂದು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಆದರೆ ಆಸ್ಪತ್ರೆಯ ಪಡಸಾಲೆಯಲ್ಲಿ ಹದಿನೈದು ದಿನ ಚಾಪೆ ಹಾಸಿ ಮಲಗಿದವರ ಸಂಕಲ್ಪವನ್ನು ಯಾರು ಸೋಸಿ ಹೇಳಬಲ್ಲರು? ಬದುಕಲಿ ಎಂದೂ ಇರುತ್ತದೆ, ಮುಗಿಯಲಿ ಎಂದೂ ಇರುತ್ತದೆ, ಎಮ್ಮೆ ಮಾರುವ ಹೊತ್ತು ಬಾರದಿರಲಿ ಎಂದೂ ಇರುತ್ತದೆ. ಫಲವನ್ನು ನೋಡಿ ತೀರ್ಮಾನಿಸೋಣವೆಂದರೆ ಅದೂ ನಿಲ್ಲುವುದಿಲ್ಲ. ಆ ಹತ್ತು ನಿಮಿಷದಲ್ಲಿ ಮಾವನಿಗೆ ಏನಾದರೂ ಆಗಿದ್ದರೆ ವೈದ್ಯರು ಕೊಲೆಗಾರರಾಗುತ್ತಿದ್ದರೆ? ಅದನ್ನು ಯಾರೂ ಒಪ್ಪಲಾರರು.

ಪಕ್ಕದ ಮಂಚದಲ್ಲಿ ಒಬ್ಬ ಮುದುಕಿಯಿದ್ದಳು. ಮೆದುಳಿನಲ್ಲಿ ರಕ್ತ ಒಸರಿ ಎಚ್ಚರ ತಪ್ಪಿದ್ದವಳು. ಮರಳುವ ಲಕ್ಷಣವಿಲ್ಲವೆಂದು ಹೇಳಿಯಾಗಿತ್ತು. ಬಡವರಿಗೆ ಸರಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸರೆಯುಂಟು. ಆದರೆ ಪಡಸಾಲೆಯಲ್ಲಿ ಕಾದು ಕುಳಿತವನ ಕೂಲಿಯನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ. ಮಗ ಅವ್ವನನ್ನು ಊರಿಗೆ ಒಯ್ಯುತ್ತೇನೆಂದ. ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇನೆಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ನಿಜಕ್ಕೂ ಅವನಿಗೆ ವಿರುದ್ಧವಾದ ಸಲಹೆಯನ್ನು ಯಾರೂ ಕೊಟ್ಟಿರಲಿಲ್ಲ. ಹೊಣೆ ಹೊರಲು ಒಂದು ಹೆಬ್ಬೆಟ್ಟು ಬೇಕಾಗಿತ್ತು, ಅಷ್ಟೆ. ಎರಡು ದಿನದ ಮೇಲೆ ಉಳಿದ ಲೆಕ್ಕ ತೀರಿಸಲು ಅವನು ಮತ್ತೆ ಬಂದಾಗ ನಾನು ವಿಚಾರಿಸಿದೆ. “ಊರು ಮುಟ್ಟುವತನಕ ನಾನ ಒತ್ತಿದ್ನಿರಿ ಚೀಲ. ಮನಿ ಪಡಸಾಲ್ಯಾಗ ಮಲಗಿಸಿ, ಎಲ್ಲಾರೂ ಬಾಯಾಗ ನೀರು ಬಿಟ್ಟಮ್ಯಾಲ ಕೈ ತಗದ್ನಿರಿ” ಎಂದ.

ಈ ಮನುಷ್ಯ ತಾಯಿಯನ್ನು ಕೈಬಿಟ್ಟನೆಂದು ಹೇಳಲು ನನಗೆ ನಾಲಗೆ ಏಳುವುದಿಲ್ಲ. ಅವನು ಮಾಡಿದ್ದೂ ಯಂತ್ರ ಕಳಚಿದ್ದೇ. ಮಾವನ ವೈದ್ಯರು ಮಾಡಿದ್ದೂ ಅದೇ. ಒಂದು ಬದುಕಿನ ಕಡೆಗೆ, ಒಂದು ಸಾವಿನ ಕಡೆಗೆ. ಎರಡರಲ್ಲಿಯೂ ಕಳಚಿದ ಕೈ ಹತ್ತಿರವೇ ಇತ್ತು. ಒಬ್ಬರು ತೀರಾ ಸೋತರೆ ಮತ್ತೆ ಜೋಡಿಸಲು ನಿಂತಿದ್ದರು. ಇನ್ನೊಬ್ಬ ಕೊನೆಯ ಉಸಿರಿನವರೆಗೆ ಇರಲು ಕುಳಿತಿದ್ದ. ಅತ್ತೆ ಹೇಳಿದ ಬೇವಿನ ಮಾತಿನ ಉಳಿದರ್ಧ ನನಗೆ ಆಗ ಕೇಳಿಸಿತು. ಇದಕ್ಕೆ ತಿರುವಾದ ದೃಶ್ಯವನ್ನೂ ಅದೇ ವಾರ್ಡಿನಲ್ಲಿ ಕಂಡೆ: ಯಂತ್ರ ತೆಗೆಯಕೂಡದೆಂದು ಫೋನಿನಲ್ಲಿ ಹಟಮಾಡುವ, ಹಣವನ್ನೂ ತಪ್ಪದೆ ಕಳಿಸುವ, ಆದರೆ ವಾರಗಟ್ಟಲೆ ಬಾರದ ಮಕ್ಕಳು. ಯಂತ್ರ ಓಡುತ್ತಿತ್ತು, ಮುದುಕನನ್ನು ಅವರು ಅದಕ್ಕೆ ಒಪ್ಪಿಸಿ ಹೋಗಿದ್ದರು. ತೆಗೆಯದೆಯೂ ಕೈಬಿಡಬಹುದು.

ಮುದುಕಿಯ ಮಗನಿಗೆ ಆ ಕಾಗದದ ಸುಳ್ಳು ಬೇಕಾಗಿರಲಿಲ್ಲ. ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು, ಗುಣವಾಗದ ರೋಗಿಯ ಜೀವಾಧಾರ ಯಂತ್ರವನ್ನು ಹಿಂದೆಗೆಯಲು ಅವಕಾಶವಿತ್ತು, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರಕಾರ ಅದನ್ನು ಜಾರಿಗೆ ತರುವ ಸುತ್ತೋಲೆಯನ್ನು 2025ರ ಜನವರಿ 30ರಂದು ಹೊರಡಿಸಿತು. ಮೂವರು ವೈದ್ಯರ ಒಂದು ಮಂಡಳಿ ನೋಡಬೇಕು, ಜಿಲ್ಲೆಯ ಆರೋಗ್ಯಾಧಿಕಾರಿ ಹೆಸರಿಸಿದವರೊಬ್ಬರು ಸೇರಿದ ಇನ್ನೊಂದು ಮಂಡಳಿ ಒಪ್ಪಬೇಕು, ಮನೆಯವರ ಸಮ್ಮತಿ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಆರೋಗ್ಯದಿಂದಿರುವಾಗಲೇ ಇಬ್ಬರು ಸಾಕ್ಷಿಗಳ ಮುಂದೆ ಇಚ್ಛಾಪತ್ರ ಬರೆದಿಡಲೂ ಬರುತ್ತದೆ. ಕಾನೂನು ಈ ಮಟ್ಟಿಗೆ ಬಂದಿದೆ. ಪಡಸಾಲೆಯ ಚಾಪೆಯವರೆಗೆ ಇನ್ನೂ ಬಂದಿಲ್ಲ.

ಇಷ್ಟಾದರೂ ‘ಹತ್ತಿರ ಇರುವ ಕೈ’ ಎಲ್ಲವನ್ನೂ ತೀರ್ಮಾನಿಸುತ್ತದೆಂದು ನಾನು ಹೇಳಲಾರೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರನ್ನು ನೆನೆಯಬೇಕು. 1973ರ ನವೆಂಬರ್ 27ರಂದು ಅಲ್ಲಿನ ನೌಕರನೊಬ್ಬನ ಅತ್ಯಾಚಾರಕ್ಕೆ ಗುರಿಯಾಗಿ, ಮೆದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೆ ಆಕೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಉಸಿರು ತಾನಾಗಿಯೇ ಆಡುತ್ತಿತ್ತು. ಯಂತ್ರ ಬೇಕಾದದ್ದು ಕಡೆಯ ಕೆಲವು ದಿನ, ನ್ಯುಮೋನಿಯಾ ಬಂದಾಗ. ದಾದಿಯರು ಪೀಳಿಗೆಯಿಂದ ಪೀಳಿಗೆಗೆ ಆಕೆಯನ್ನು ತೊಳೆದು, ಉಣಿಸಿ, ಮಗ್ಗುಲು ಬದಲಿಸಿ ನೋಡಿಕೊಂಡರು. ಪಿಂಕಿ ವಿರಾನಿ ಎಂಬ ಬರಹಗಾರ್ತಿ ಆಕೆಯನ್ನು ಈ ಸ್ಥಿತಿಯಿಂದ ಬಿಡಿಸಬೇಕೆಂದು ಸುಪ್ರೀಂ ಕೋರ್ಟಿಗೆ ಹೋದರು, ದಾದಿಯರು ಒಪ್ಪಲಿಲ್ಲ. 2011ರ ಮಾರ್ಚ್ 7ರಂದು ನ್ಯಾಯಾಲಯ, ಆಕೆಯ ಪರವಾಗಿ ಮಾತಾಡುವ ಹಕ್ಕು ಇಷ್ಟು ವರ್ಷ ನೋಡಿಕೊಂಡವರದೆಂದು ದಾದಿಯರ ಮಾತನ್ನೇ ಎತ್ತಿಹಿಡಿಯಿತು. ಅಲ್ಲಿ ಕೈ ಹತ್ತಿರವಿತ್ತು, ನಾಲ್ವತ್ತೊಂದು ವರ್ಷ ಮೀರಿ ಇತ್ತು; ಅಂಥ ನಿಷ್ಠೆಗೆ ಯಾರೂ ತಲೆಬಾಗಬೇಕು. ಆದರೂ ಮಂಚದ ಮೇಲಿದ್ದವರಿಗೆ ಏನು ಬೇಕಾಗಿತ್ತು? ಎರಡೂ ಪಕ್ಷದವರು ಊಹಿಸಬೇಕಾಗಿತ್ತು, ಕೇಳುವಂತಿರಲಿಲ್ಲ.

ನಮಗೆ ಕೇಳುವಂತಿತ್ತು. ಮಾವನ ಕಣ್ಣು ಆಡುತ್ತಿದ್ದವು. ‘ಹೌದು’ ಎಂಬುದಕ್ಕೆ ಒಮ್ಮೆ, ‘ಅಲ್ಲ’ ಎಂಬುದಕ್ಕೆ ಎರಡು ಸಲ ರೆಪ್ಪೆ ಬಡಿಯುವುದನ್ನು ದಾದಿಯೇ ಅವರಿಗೆ ಹೇಳಿಕೊಟ್ಟಿದ್ದಳು. ಬಾಯಾರಿಕೆಯೇ, ಸೆಕೆಯೇ, ಕಾಲು ನೋಯುತ್ತದೆಯೇ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆವು. ಆ ಭಾನುವಾರ ಮಾತ್ರ ವೈದ್ಯರು ನನ್ನನ್ನು ಕೇಳಿದರು, ಅತ್ತೆ ವೈದ್ಯರನ್ನು ಬೇಡಿದರು, ನಾನು ಗಡಿಯಾರ ನೋಡಿದೆ.

ಮಾವ ಬಿಡಿಸಿಕೊಂಡು ಬಂದರು. ಹಗಲೆಲ್ಲ ಯಂತ್ರವಿಲ್ಲದೆ, ಆಮೇಲೆ ರಾತ್ರಿಯೂ ಇಲ್ಲದೆ ಉಸಿರಾಡಿದರು. ಕೊಳವೆಯ ಸುತ್ತಲಿನ ಬಲೂನಿನ ಗಾಳಿ ತೆಗೆದು, ಬಾಯಿಗೆ ಒಂದು ಪುಟ್ಟ ಕವಾಟ ಹಾಕಿದ ದಿನ ಗಾಳಿ ಗಂಟಲಿಗೇರಿ, ಎರಡು ತಿಂಗಳ ಮೇಲೆ ಮೊದಲ ಮಾತು ಹೊರಟಿತು. ಅತ್ತೆ ದೇವರ ಹೆಸರನ್ನು ನಿರೀಕ್ಷಿಸಿದ್ದರು. ಮಾವ ಒಡೆದ ಧ್ವನಿಯಲ್ಲಿ, “ಕಾಲುವಿಗಿ ನೀರು ಬಿಟ್ಟಾರೇನ?” ಎಂದು ಕೇಳಿದರು. ಮುಂದೆ ಕೊಳವೆಯನ್ನು ಸಣ್ಣದು ಮಾಡಿ, ಬಿರಡೆ ಹಾಕಿ ನೋಡಿ, ಒಂದು ದಿನ ತೆಗೆದೇಬಿಟ್ಟರು. ಕತ್ತಿನ ರಂಧ್ರ ಹತ್ತು ಹನ್ನೆರಡು ದಿನದಲ್ಲಿ ತಾನಾಗಿ ಕೂಡಿಕೊಂಡಿತು. ಅಲ್ಲಿಯವರೆಗೆ ಮಾತಾಡುವಾಗಲೆಲ್ಲ ಪಟ್ಟಿಯ ಮೇಲೆ ಬೆರಳೊತ್ತಿ ಹಿಡಿಯುವ ಅಭ್ಯಾಸವಾಗಿತ್ತು. ಗಾಯ ಮಾಯ್ದ ಮೇಲೂ ಅವರು ಆ ಅಭ್ಯಾಸ ಬಿಟ್ಟಿಲ್ಲ.

ಹೋದ ಸಲ ಹುಣಸಗಿಗೆ ಹೋದಾಗ ಸಂಜೆ ಕಟ್ಟೆಯ ಮೇಲೆ ಕುಳಿತಿದ್ದೆವು. ಮಾವ ಕತ್ತಿಗೆ ಬೆರಳಿಟ್ಟು, “ಅವತ್ತ ಇನ್ನ ಹತ್ತು ನಿಮಿಷ ನೋಡೂಣು ಅಂದಾವ ನೀನ ಅಲ್ಲೇನು?” ಎಂದರು. ನಾನು ಹೌದೆಂದೆ. ಬೆಂಗಳೂರಿನ ರೈಲಿನ ವಿಷಯವನ್ನೂ ಹೇಳಿದೆ. ಅವರು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ.

“ಮಗ್ಗಲಾಗ ನಾ ಇದ್ದೆ. ನನ್ನ ಕೇಳಲಿಲ್ಲಲ್ಲೋ ನೀವು” ಎಂದರು.

“ಕೇಳಿದ್ರ ಏನಂತಿದ್ದಿ ಮಾಮಾ?”

“ಮಷೀನ್ ಹಚ್ಚರಿ ಅಂತಿದ್ದೆ. ಕೇಳದಿದ್ದದ್ದ ಚಲೋ ಆತು.” ಎದುರಿನ ಹೊಲದ ಕಡೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಆದ್ರೂ ಕೇಳಬೇಕಿತ್ತು” ಎಂದರು.